ಇಲ್ಲದ ಕಡಸಿನ ಜ್ವರ

ಹಳೇಬೀಡಿನ ಗುಡಿಯ ಎದುರು ಎಳನೀರು ಕೊಚ್ಚುವ ವಿಶಾಲಮ್ಮನಿಗೆ ಬಾಯಿ ಸ್ವಲ್ಪ ಜಾಸ್ತಿ. ಇದು ಅವಳ ಬೆನ್ನ ಹಿಂದೆ ಆಡುವ ಮಾತೇನಲ್ಲ, ಎದುರಿಗೇ ಹೇಳಿದರೂ ಒಪ್ಪಿಕೊಂಡು ನಗುತ್ತಾಳೆ. ಸುಮೋದಲ್ಲಿ ಬಂದಿಳಿದ ಪ್ರವಾಸಿಗರು ಒಂದು ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಅವರ ಊರು, ಮಕ್ಕಳ ಓದು, ಅತ್ತೆಯ ಮಂಡಿನೋವು ಎಲ್ಲವನ್ನೂ ಕೇಳಿ ತಿಳಿದುಕೊಂಡಿರುತ್ತಾಳೆ. ಗಂಡ ದೇವೀರಪ್ಪ ಇದಕ್ಕೆ ತದ್ವಿರುದ್ಧ. ತೋಟಗಳಲ್ಲಿ ಎಳನೀರು ಇಳಿಸಿ, ಸೈಕಲ್ಲಿನ ಎರಡೂ ಕಡೆ ಗೊನೆ ನೇತುಹಾಕಿ ತಂದು ಗಾಡಿಯ ಪಕ್ಕ ಕೆಡವಿದರೆ ಅವನ ದಿನದ ಮಾತುಕತೆ ಮುಗಿದ ಹಾಗೆ. ಹೆಂಡತಿ ಹತ್ತು ಮಾತಾಡಿದರೆ ಅವನದು ಒಂದು ‘ಹೂಂ’, ಅದೂ ಅವಳ ಅದೃಷ್ಟ ಚೆನ್ನಾಗಿದ್ದರೆ.

ಹೀಗಾಗಿ ಉಳಿದ ಮಾತೆಲ್ಲ ನಾಯಿಯ ಪಾಲಿಗೆ ಬಂದಿತ್ತು. ಅದರ ಹೆಸರು ಟಪಾಲು. ಮರಿಯಾಗಿದ್ದಾಗ ಪೋಸ್ಟಿನವನ ಸೈಕಲ್ ಹಿಂದೆ ಓಡಿಬಂದು, ಅವನು ಎಳನೀರಿಗೆಂದು ಇಳಿದಾಗ ಗಾಡಿಯ ಕೆಳಗೆ ನುಗ್ಗಿ ಮಲಗಿತ್ತು. ಅವನು ಹೋದ, ಇದು ಹೋಗಲಿಲ್ಲ. “ಮನೆ ಬಾಗ್ಲಿಗೆ ಬಂದ ಟಪಾಲು, ವಾಪಸ್ ಕಳ್ಸಕ್ಕಾಯ್ತದಾ” ಎಂದು ವಿಶಾಲಮ್ಮ ಇಟ್ಟುಕೊಂಡಳು. ಮಕ್ಕಳಿಲ್ಲದವಳು, ಅದಕ್ಕೇ ಅಷ್ಟು ಹಚ್ಚಿಕೊಂಡಿದ್ದಾಳೆ ಎಂದು ಊರವರು ಹೇಳುತ್ತಾರೆ. ಊರವರಿಗೇನು, ಯಾವುದಕ್ಕಾದರೂ ಒಂದು ಕಾರಣ ಹೇಳಿ ಕೈತೊಳೆದುಕೊಂಡರೆ ಅವರಿಗೆ ನೆಮ್ಮದಿ. ಅವಳಿಗೆ ಆ ನಾಯಿ ಇಷ್ಟ, ಅಷ್ಟೇ. ಬೆಳಿಗ್ಗೆ ಹುಲಿಕೆರೆಯ ಮನೆಯಿಂದ ಅವಳ ಜೊತೆ ನಡೆದು ಬಂದು, ದಿನವಿಡೀ ಗಾಡಿಯ ನೆರಳಲ್ಲಿ ಬಿದ್ದುಕೊಂಡು, ಅವಳು ಏನು ಹೇಳಿದರೂ ಬಾಲದಲ್ಲಿ ನೆಲಕ್ಕೆ ಎರಡೇಟು ಹೊಡೆದು ಉತ್ತರ ಕೊಡುತ್ತಿತ್ತು. ಗಂಡನ ‘ಹೂಂ’ಗಿಂತ ಅದೇ ವಾಸಿ ಎಂದು ಅವಳು ದೇವೀರಪ್ಪನಿಗೇ ಹೇಳಿದ್ದುಂಟು. ಅದಕ್ಕೂ ಅವನು ‘ಹೂಂ’ ಎಂದಿದ್ದ.

ಮಳೆ ಹಿಡಿದು ಬಿಟ್ಟ ಮೇಲೆ ಟಪಾಲು ಊಟ ಬಿಟ್ಟಿತು. ಮೊದಲ ದಿನ ವಿಶಾಲಮ್ಮ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟೇ ಬರಲಿಲ್ಲ, ಎಂಥಾ ದೃಷ್ಟಿ ನೋಡು ಎಂದುಕೊಂಡಳು. ಮಾರನೆಯ ದಿನ ಅದು ಗಾಡಿಯ ತನಕ ನಡೆಯಲಾರದೆ ದಾರಿಯಲ್ಲೇ ಕೂತುಬಿಟ್ಟಿತು. ಎತ್ತಿಕೊಂಡಾಗ ಮೈ ಕಾದ ಹೆಂಚಿನ ಹಾಗಿತ್ತು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ದೃಷ್ಟಿಗೆ ಈ ಬಣ್ಣವಿಲ್ಲ ಎಂಬಷ್ಟು ಅವಳಿಗೂ ಗೊತ್ತಿತ್ತು.

ಅರಸೀಕೆರೆಯಲ್ಲಿ ನಾಯಿ ನೋಡುವ ಪ್ರೈವೇಟ್ ಡಾಕ್ಟರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಟಪಾಲುವನ್ನು ಮಂಕರಿಯಲ್ಲಿ ಮಲಗಿಸಿ, ಮೇಲೆ ಹಳೇ ಸೀರೆ ಮುಚ್ಚಿ, ಜಾವಗಲ್ ಮೇಲಿನ ಬಸ್ಸು ಹತ್ತಿದಳು. ಕಂಡಕ್ಟರು ಮಂಕರಿಯಲ್ಲೇನು ಎಂದು ಕೇಳಿದ. “ಸೊಪ್ಪು” ಎಂದಳು. ಸೊಪ್ಪು ನರಳಿತು. ಕಂಡಕ್ಟರು ಅವಳ ಮುಖ ನೋಡಿ, ಲಗೇಜಿಗೂ ಚೀಟಿ ಹರಿಯದೆ ಮುಂದೆ ಹೋದ.

ಅರಸೀಕೆರೆಯ ಡಾಕ್ಟರು ಒಳ್ಳೆಯವರೇ. ಕಿವಿ ಮಡಚಿ, ಒಳಗೆ ಹೆಸರುಕಾಳಿನ ಹಾಗೆ ಕಚ್ಚಿಕೊಂಡಿದ್ದ ಉಣ್ಣೆಗಳನ್ನು ತೋರಿಸಿ, “ಉಣ್ಣೆ ಜ್ವರ. ರಕ್ತ ಒಡೆದು ಹೋಗ್ತಾ ಇದೆ” ಎಂದರು. ರಕ್ತ ಪರೀಕ್ಷೆ ಆಗಬೇಕು, ಕೆಲವು ದಿನ ಇಲ್ಲೇ ಬಿಟ್ಟು ಡ್ರಿಪ್ ಹಾಕಿಸಬೇಕು, ಬೇರೆ ನಾಯಿಯ ರಕ್ತ ಕೊಡಬೇಕಾದೀತು. ಎಲ್ಲ ಸೇರಿ ಎಷ್ಟಾಗಬಹುದು ಎಂದು ಅವರು ಹೇಳಿದ ಮೊತ್ತ ಗಂಡ ಹೆಂಡತಿ ತಿಂಗಳೆಲ್ಲ ದುಡಿದರೂ ಮುಟ್ಟದಂಥದ್ದು. ಜನ್ಮದಲ್ಲಿ ಮೊದಲ ಬಾರಿಗೆ ವಿಶಾಲಮ್ಮನ ಬಾಯಿ ಕಟ್ಟಿಹೋಯಿತು. “ದುಡ್ಡು ತತ್ತೀನಿ ಸಾರ್” ಎಂದು ಮಂಕರಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಡಾಕ್ಟರು ಹಿಂದಿನಿಂದ “ಅಮ್ಮಾ, ಸದ್ಯಕ್ಕೆ ಒಂದು ಇಂಜೆಕ್ಷನ್...” ಎಂದು ಏನೋ ಹೇಳುತ್ತಲೇ ಇದ್ದರು. ಅವಳು ಆಗಲೇ ಮೆಟ್ಟಿಲಿಳಿದಿದ್ದಳು. ಕೊಡಲಾಗದ ಕಡೆ ನಿಂತು ಬೇಡುವುದು ಅವಳಿಂದ ಆಗುವ ಕೆಲಸವಲ್ಲ. ಆ ಹಾಳು ಮರ್ಯಾದೆಯನ್ನು ಸ್ವಲ್ಪ ಹೊತ್ತು ಮಂಕರಿಯಲ್ಲೇ ಮುಚ್ಚಿಡಬಾರದಿತ್ತೇ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳಿಗೆ ಬಸಮ್ಮನ ಹಸು ನೆನಪಾಯಿತು. ಬಸಮ್ಮ ಎಂದರೆ ಪಕ್ಕದ ಮನೆಯವಳು, ಹಾಲು ಮಾರಿ ಸಂಸಾರ ತೂಗಿಸುವವಳು. ಹೋದ ವರ್ಷ ಅವಳ ಸೀಮೆ ಹಸು ಇದೇ ರೀತಿ ಕೆಂಪಗೆ ಗಂಜಲ ಹೊಯ್ದು ನೆಲ ಹಿಡಿದಿತ್ತು. ದನದ ಆಸ್ಪತ್ರೆಯ ಡಾಕ್ಟರು ಬಂದು ಒಂದೇ ಒಂದು ಸೂಜಿ ಚುಚ್ಚಿದ್ದರು, ಹಸು ಮಾರನೇ ದಿನ ಎದ್ದು ಮೇವಿಗೆ ಬಾಯಿ ಹಾಕಿತ್ತು. ಅದೂ ಉಣ್ಣೆ ಜ್ವರವೇ. ರೋಗ ಒಂದೇ ಆದರೆ ಔಷಧಿಯೂ ಒಂದೇ ಇರಬೇಕಲ್ಲ? ಹಾಲಿನ ಸೊಸೈಟಿಯ ಸದಸ್ಯರ ರಾಸುಗಳಿಗೆ ಡಾಕ್ಟರು ಮನೆಗೇ ಬರುತ್ತಿದ್ದರು. ವಿಶಾಲಮ್ಮನೂ ಸದಸ್ಯೆಯೇ, ಆದರೆ ಹಸು ಮಾರಿ ವರ್ಷ ಕಳೆದಿತ್ತು. ಈಗ ಅವಳ ಕೊಟ್ಟಿಗೆಯಲ್ಲಿದ್ದದ್ದು ಎಳನೀರು ಬುರುಡೆ ಮಾತ್ರ.

“ದನದ ಆಸ್ಪತ್ರೇಲಿ ನಾಯಿ ನೋಡ್ತಾರೇನ್ರೀ?” ಎಂದು ಸಂಜೆ ಗಂಡನನ್ನು ಕೇಳಿದಳು.

ದೇವೀರಪ್ಪ ತುಂಬ ಹೊತ್ತು ಯೋಚಿಸಿದ. “ದನದ್ದು ಅಂತಲೇ ಹೆಸ್ರಲ್ವಾ” ಎಂದ.

ಹೌದಲ್ಲ ಎನಿಸಿತು ಅವಳಿಗೂ. ಆಸ್ಪತ್ರೆಯ ಮುಂದೆ ಎತ್ತು, ಎಮ್ಮೆ, ಕುರಿ ನಿಂತಿದ್ದನ್ನು ಕಂಡಿದ್ದಳೇ ಹೊರತು ನಾಯಿಯನ್ನು ಎತ್ತಿಕೊಂಡು ಹೋದವರನ್ನು ಕಂಡಿರಲಿಲ್ಲ. ಹುಲಿಕೆರೆಯಲ್ಲಿ ನಾಯಿಗೆ ರೋಗ ಬಂದರೆ ಒಂದೋ ಬದುಕುತ್ತಿತ್ತು, ಇಲ್ಲವೋ ಹಿತ್ತಲಲ್ಲಿ ಗುಂಡಿ. ಸರ್ಕಾರ ಹಾಲು ಕೊಡುವ ಪ್ರಾಣಿಗೆ ಕಳಿಸಿದ ಔಷಧಿಯನ್ನು ಬಾಲ ಅಲ್ಲಾಡಿಸುವ ಪ್ರಾಣಿಗೆ ಯಾಕೆ ಕೊಟ್ಟಾರು? ಕೇಳಿ ಇಲ್ಲವೆನ್ನಿಸಿಕೊಂಡರೆ ಮುಂದೆ ದಾರಿಯೇ ಉಳಿಯುವುದಿಲ್ಲ. ಕೇಳದೇ ಇದ್ದರೂ ದಾರಿಯಿಲ್ಲ. ಅವಳ ತಲೆ ಕಡೆದ ಮಜ್ಜಿಗೆಯಂತಾಗಿ, ಯಾವ ಯೋಚನೆಯೂ ಬೆಣ್ಣೆ ಕಟ್ಟಲಿಲ್ಲ.

ಬೆಳಿಗ್ಗೆ ಮತ್ತೆ ಮಂಕರಿ ಹೊತ್ತು ಹಳೇಬೀಡಿಗೆ ನಡೆದಳು. ದನದ ಆಸ್ಪತ್ರೆಯ ಗೇಟಿನ ಪಕ್ಕ ಹೊಂಗೆ ಮರದ ನೆರಳಲ್ಲಿ ಮಂಕರಿ ಇಳಿಸಿ, “ಇಲ್ಲೇ ಇರಪ್ಪ, ಬಂದೆ” ಎಂದಳು. ಟಪಾಲು ಕಣ್ಣು ತೆರೆಯಿತು, ಬಾಲ ಎತ್ತಲು ನೋಡಿ ಬಿಟ್ಟಿತು. ಡಾಕ್ಟರು ನಾಯಿಯನ್ನೂ ನೋಡುವವರ ಹಾಗೆ ಕಂಡರೆ ಮಂಕರಿ ಒಳಗೆ ತರುವುದು, ಇಲ್ಲದಿದ್ದರೆ ಬೇರೆ ಏನಾದರೂ ಹೇಳುವುದು, ಇದು ಅವಳ ಯೋಜನೆ. ಆ ಬೇರೆ ಏನಾದರೂ ಏನೆಂದು ಅವಳು ಯೋಚಿಸಿರಲಿಲ್ಲ.

ಡಾಕ್ಟರು ಧರ್ಮೇಶ್ ಹೊಸಬರು, ಚಿಕ್ಕ ವಯಸ್ಸು. ಒಂದು ಕೈಯಲ್ಲಿ ಲಸಿಕೆಯ ಡಬ್ಬ, ಇನ್ನೊಂದರಲ್ಲಿ ಬೈಕಿನ ಕೀಲಿ ಹಿಡಿದು ಹೊರಡುತ್ತಿದ್ದರು. ಜಗುಲಿಯಲ್ಲಿ ನಾಲ್ಕಾರು ಜನ ದನದವರು ಕೂತಿದ್ದರು, ಎಲ್ಲ ಪರಿಚಯದ ಮುಖಗಳೇ.

“ಏನಮ್ಮಾ?” ಎಂದರು ಡಾಕ್ಟರು.

“ಉಣ್ಣೆ ಜ್ವರ ಸಾರ್. ಕೆಂಪಗೆ ಹೊಯ್ತೈತೆ.”

“ಯಾವುದು? ಹಸುವಾ?”

ಅಷ್ಟೂ ಜನ ತಲೆಯೆತ್ತಿ ಅವಳನ್ನೇ ನೋಡಿದರು. ವಿಶಾಲಮ್ಮ ನಾಯಿ ಎನ್ನಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆ.

“ಕಡಸು ಸಾರ್. ಸೀಮೆ ಕಡಸು.”

“ಸೊಸೈಟಿ ಮೆಂಬರಾ? ಯಾವೂರು?” ಅವಳು ಹೌದೆಂದು ತಲೆಯಾಡಿಸಿ, ಹುಲಿಕೆರೆ ಎಂದಳು. “ಇವತ್ತು ಹಗರೆ ಕಡೆ ಲಸಿಕೆ ಹಾಕೋದಿದೆ, ನಾಳೆ ಬೆಳಿಗ್ಗೆ ಮೊದಲು ನಿಮ್ಮನೇಗೇ ಬರ್ತೀನಿ. ಏಳೋಕಾದ್ರೆ ಈಗಲೇ ಹೊಡ್ಕೊಂಡು ಬನ್ನಿ, ನೋಡಿಯೇ ಹೋಗ್ತೀನಿ. ತಂದಿದ್ದೀರಾ?”

“ಇಲ್ಲ ಸಾರ್. ಎದ್ದೇಳಕ್ಕಾಗಲ್ಲ ಅದಕ್ಕೆ.”

ಬೈಕು ಗೇಟು ದಾಟಿ, ಮಂಕರಿಯ ಪಕ್ಕದಲ್ಲೇ ಹಾದು ಹಗರೆ ಕಡೆಗೆ ಹೋಯಿತು. ತಾನು ಗೆದ್ದೆನೋ ಸೋತೆನೋ ಅವಳಿಗೆ ತಿಳಿಯಲಿಲ್ಲ. ಡಾಕ್ಟರು ಮನೆಗೆ ಬರುತ್ತಾರೆ ಎನ್ನುವುದು ಒಳ್ಳೆಯದೇ. ಆದರೆ ಬರುವುದು ಕಡಸು ನೋಡಲು, ಕಡಸೇ ಇಲ್ಲ.

ಬಸಮ್ಮನ ಹತ್ತಿರ ಇನ್ನೂ ಕರು ಹಾಕದ ಒಂದು ಸೀಮೆ ಕಡಸು ಇತ್ತು. ವಿಷಯ ಕೇಳಿ ಬಸಮ್ಮ ಸೆಗಣಿ ಕೈಯನ್ನೇ ಸೊಂಟಕ್ಕಿಟ್ಟಳು. “ಏನೇ ವಿಶಾಲಿ, ನಿಂಗೇನ್ ತಲೆ ಕೆಟ್ಟೈತಾ? ಗುಂಡ್‌ಕಲ್ಲಿನಂಗಿರೋ ನನ್ನ ಕಡಸಿಗೆ ರೋಗ ಅಂತೀಯಲ್ಲ, ಬಿಡ್ತು ಅನ್ನು!”

“ಬಿಡ್ತು ಬಿಡ್ತು. ಒಂದ್ ರಾತ್ರಿ ನಮ್ಮ ಕೊಟ್ಟಿಗೇಲಿ ಕಟ್ಟಕ್ಕ. ಡಾಕ್ಟ್ರು ಬಂದಾಗ ಕಡಸು ಕಾಣಿಸ್ಬೇಕು, ಅಷ್ಟೇಯ. ಹುಷಾರಾಗೈತೆ ಅಂತೀನಿ, ಮತ್ತೆ ಬಂದ್ರೆ ಕೊಡಕ್ಕೆ ಔಷ್ದಿ ಮಡಗೋಗಿ ಅಂತೀನಿ. ಅದ್ನ ಟಪಾಲುಗೆ ಕೊಡ್ತೀನಿ.”

“ಡಾಕ್ಟ್ರಿಗೆ ಗೊತ್ತಾಗಿ ಸೊಸೈಟಿಯೋರು ನಮ್ಮಿಬ್ರನ್ನೂ ಕಿತ್ತಾಕಿದ್ರೆ? ನಂದು ಹಾಲಿನ ಬದ್ಕು ಕಣೇ.”

ವಿಶಾಲಮ್ಮ ಅಳತೊಡಗಿದಳು. ಇಷ್ಟು ಮಾತಿನ ಹೆಂಗಸು ಮಾತು ಬಿಟ್ಟು ಅತ್ತದ್ದನ್ನು ಬಸಮ್ಮ ಹಿಂದೆಂದೂ ಕಂಡಿರಲಿಲ್ಲ. ಬೈದುಕೊಂಡೇ ಹಗ್ಗ ಬಿಚ್ಚಿದಳು.

ಬೆಳಗಾಗುವ ಹೊತ್ತಿಗೆ ಟಪಾಲು ನೀರಿಗೂ ತಲೆಯೆತ್ತಲಿಲ್ಲ. ಒಳಮನೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ಅದರ ಬಾಯಿಗೆ ವಿಶಾಲಮ್ಮ ಎಳನೀರನ್ನು ಹನಿ ಹನಿಯಾಗಿ ಬಿಟ್ಟಳು. ಒಂದಿಷ್ಟು ಗಂಟಲಿಗಿಳಿಯಿತು, ಒಂದಿಷ್ಟು ಹೊರಗೆ ಹರಿಯಿತು. ಕೊಟ್ಟಿಗೆಯಲ್ಲಿ ಕಡಸು ಕೂಡ ಹಾಕಿದ ಹುಲ್ಲು ಮುಟ್ಟಿರಲಿಲ್ಲ. ಹೊಸ ಜಾಗ ಎಂದು ಮುನಿಸಿಕೊಂಡಿದೆ ಎಂದುಕೊಂಡಳು. ಒಂದು ಕ್ಷಣ, ಡಾಕ್ಟರ ಮುಂದೆ ಹೀಗೇ ತಲೆ ತಗ್ಗಿಸಿ ನಿಂತಿರಲಿ ದೇವರೇ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕೆನ್ನೆ ಕೆನ್ನೆ ಬಡಿದುಕೊಂಡಳು.

ಧರ್ಮೇಶ್ ಹೇಳಿದಂತೆ ಬೆಳಿಗ್ಗೆಯೇ ಬಂದರು. ಬಸಮ್ಮ ಏನೂ ಅರಿಯದವಳಂತೆ ಬೇಲಿಯ ಬಳಿ ನಿಂತಿದ್ದಳು. ಡಾಕ್ಟರು ಕಡಸಿನ ಬಾಲ ಎತ್ತಿ ಥರ್ಮಾಮೀಟರ್ ಇಟ್ಟರು. ಕಣ್ಣಿನ ರೆಪ್ಪೆ ಎಳೆದರು. ಕೆಚ್ಚಲ ಸಂದಿ ತಡವಿ ಒಂದು ಉಣ್ಣೆ ಕಿತ್ತು ಉಗುರಲ್ಲಿ ಒತ್ತಿದರು. ಈಗ ಇವರು ತಿರುಗಿ, ಏನಮ್ಮ ಆಟ ಆಡ್ತಿದ್ದೀಯಾ ಎನ್ನುತ್ತಾರೆ, ಆಗ ಕಾಲು ಹಿಡಿದುಬಿಡುವುದು ಎಂದು ವಿಶಾಲಮ್ಮ ನಿರ್ಧರಿಸಿದ್ದಳು.

ಡಾಕ್ಟರು ತಿರುಗಿದರು. “ಸರಿಯಾಗಿ ಹೇಳಿದ್ರಿ ಕಣಮ್ಮ. ಉಣ್ಣೆ ಜ್ವರವೇ. ಇನ್ನೂ ಶುರು, ಅದಕ್ಕೇ ನಿಂತಿದೆ. ಇನ್ನೆರಡು ದಿನ ಬಿಟ್ಟಿದ್ರೆ ಕೈಗೆ ಸಿಕ್ತಿರ್ಲಿಲ್ಲ.”

ಬೇಲಿಯಾಚೆ ಬಸಮ್ಮ “ಅಯ್ಯೋ ಶಿವನೇ” ಎಂದು ಕೂಗಿ, ಏನೂ ಅರಿಯದವಳ ನಾಟಕವನ್ನೆಲ್ಲ ಮರೆತು ಓಡಿಬಂದಳು. “ನಿನ್ ಬಾಯಿಗಿಷ್ಟು ಬೆಂಕಿ ಬೀಳ! ಅಂದಿದ್ದೇ ಅಂದಿದ್ದು, ಬಂದೇಬುಡ್ತು ನೋಡು!” ಎಂದು ವಿಶಾಲಮ್ಮನ ಭುಜ ಹಿಡಿದು ಅಲ್ಲಾಡಿಸಿದಳು. ಮರುಕ್ಷಣವೇ ಅದೇ ಕೈ ಹಿಡಿದುಕೊಂಡು, “ನೀನು ಡಾಕ್ಟ್ರುನ್ನ ಕರ್ಸಿದ್ದಕ್ಕೆ ಉಳೀತು ಕಣೇ ನನ್ನವ್ವ” ಎಂದು ಕಣ್ಣೀರಿಟ್ಟಳು. ಬೈಗುಳ ಯಾವುದು, ಹೊಗಳಿಕೆ ಯಾವುದು ಎಂದು ಬಸಮ್ಮನಿಗೇ ಗೊತ್ತಿರಲಿಲ್ಲ, ಇನ್ನು ಕೇಳುವವಳಿಗೆ ಹೇಗೆ ಗೊತ್ತಾಗಬೇಕು. ವಿಶಾಲಮ್ಮನಿಗೆ ಕಾಲ ಕೆಳಗಿನ ನೆಲವೇ ನಂಬಿಕೆಯದಲ್ಲ ಎನಿಸಿತು. ಹೇಳಿದ ಸುಳ್ಳು ನಿಜವಾಗಿ ಕಣ್ಣ ಮುಂದೆ ನಿಂತು ಬುಸುಗುಡುತ್ತಿತ್ತು. ಒಳಗೆ ಇದ್ದ ನಿಜದ ಬಗ್ಗೆ ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಡಾಕ್ಟರು ಬಾಟಲಿಯಲ್ಲಿದ್ದ ಹಳದಿ ಪುಡಿಗೆ ನೀರು ಬೆರೆಸಿ ಅಲ್ಲಾಡಿಸಿದರು. ಸಿರಿಂಜು ತುಂಬಿ ಕಡಸಿನ ತೊಡೆಗೆ ಚುಚ್ಚಿದರು. ಬಾಟಲಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಹಿಡಿದು ತಿಪ್ಪೆಯ ಕಡೆಗೆ ಎರಡು ಹೆಜ್ಜೆ ಹಾಕಿದರು.

“ಅದೇನ್ ಮಾಡ್ತೀರಾ ಸಾರ್?” ಎಂದಳು ವಿಶಾಲಮ್ಮ.

“ಮಿಕ್ಕಿದ್ದು. ಕಲಸಿದ ಮೇಲೆ ಇಡೋದಿಲ್ಲ, ಚೆಲ್ತೀವಿ.”

“ಅಷ್ಟು ಔಷ್ದಿ... ಒಂದ್ ನಾಯಿಗಾದ್ರೆ ಎಷ್ಟು ಬೇಕಾಯ್ತದೆ ಸಾರ್?”

“ನಾಯಿಗಾ?” ಧರ್ಮೇಶ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. “ನಾಯಿಗೆ ಇದರಲ್ಲಿ ಅರ್ಧವೂ ಬೇಡ. ಯಾಕೆ?”

ವಿಶಾಲಮ್ಮ ಒಳಗೆ ಓಡಿದಳು. ಗೋಣಿಚೀಲದ ಸಮೇತ ಟಪಾಲುವನ್ನು ತಬ್ಬಿ ತಂದು ಅವರ ಕಾಲ ಬಳಿ ಇಳಿಸಿದಳು. ಡಾಕ್ಟರ ನಗು ಅಲ್ಲಿಗೇ ನಿಂತಿತು. ಮಂಡಿಯೂರಿ ಕೂತು ತುಟಿ ಎತ್ತಿ ನೋಡಿದರು. ವಸಡು ಎಳನೀರಿನೊಳಗಿನ ಗಂಜಿಯಷ್ಟು ಬೆಳ್ಳಗಿತ್ತು.

“ಯಾವಾಗಿಂದ ಹೀಗಿದೆ?”

ಹೇಳಿದಳು.

“ನಿನ್ನೆ ನೀವು ಆಸ್ಪತ್ರೆಗೆ ಬಂದಾಗ ಇದು ಎಲ್ಲಿತ್ತು?”

“ನಿಮ್ ಗೇಟಿನತ್ರ ಸಾರ್. ಮಂಕರೀಲಿ.”

ಡಾಕ್ಟರಿಗೆ ಸಿಟ್ಟು ಬಂದಿತ್ತು ಎನ್ನುವುದು ಅವರ ಕೆಂಪಗಾದ ಕಿವಿ ನೋಡಿದರೆ ತಿಳಿಯುತ್ತಿತ್ತು. ಆದರೆ ಯಾರ ಮೇಲೆ ತೋರಿಸಬೇಕೆಂದು ಅವರಿಗೂ ಹೊಳೆದ ಹಾಗಿರಲಿಲ್ಲ. “ದನದ ಆಸ್ಪತ್ರೆ ಅಂತ ನೀವು ಕರೆಯೋದಮ್ಮ. ನೀವು ಕೋಳಿ ತಂದ್ರೂ ನಾನು ನೋಡ್ತೀನಿ” ಎಂದರು ಕೊನೆಗೆ, ಮೆಲ್ಲಗೆ. ಚಿಕ್ಕ ಸಿರಿಂಜಿಗೆ ಅಳೆದು ತುಂಬಿ, ಟಪಾಲುವಿನ ತೊಡೆಗೆ ಕೊಟ್ಟರು. ಬ್ಯಾಗಿನಲ್ಲಿದ್ದ ಡ್ರಿಪ್ಪಿನ ಬಾಟಲಿಯನ್ನು ಬೇಲಿಯ ಗೂಟಕ್ಕೆ ಕಟ್ಟಿ ಅದು ಮುಗಿಯುವ ತನಕ ಕೂತರು. “ಔಷಧಿ ರೋಗ ನಿಲ್ಲಿಸುತ್ತೆ. ಹೋದ ರಕ್ತ ವಾಪಸ್ ತರಲ್ಲ. ನಾಳೆ ಎದ್ದು ನೀರು ಕುಡಿದ್ರೆ ಉಳಿದ ಹಾಗೆ” ಎಂದರು. ಕೊಡಲು ಬಂದ ದುಡ್ಡನ್ನು ಮುಟ್ಟಲಿಲ್ಲ.

ಆ ಇಡೀ ದಿನ ವಿಶಾಲಮ್ಮ ಗಾಡಿ ತೆರೆಯಲಿಲ್ಲ. ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಕೇಳುವಂತೆ ಒಂದೇ ಸಮನೆ ಮಾತಾಡಿದಳು. ಗುಡಿಯ ಮುಂದೆ ಇವತ್ತು ಎಷ್ಟು ಬಸ್ಸು ಬಂದಿರಬಹುದು, ಯಾವ ಮೇಷ್ಟರು ಮಕ್ಕಳಿಗೆ ಎಳನೀರು ಕೊಡಿಸದೆ ಹೊಳೆಯುವ ಕಂಬ ಮಾತ್ರ ತೋರಿಸಿ ಕರೆದುಕೊಂಡು ಹೋಗಿರಬಹುದು, ಎಲ್ಲ. ನಡುವೆ ಒಮ್ಮೆ, “ಒಂದ್ ಮಾತು ಹೇಳಿದ್ರೆ ಆಗೋಗಿತ್ತು ಕಣಪ್ಪ, ನಂಗ್ಯಾಕೆ ಬಾಯೇ ಬರ್ಲಿಲ್ಲ” ಎಂದು ಅದನ್ನೇ ಕೇಳಿದಳು. ಸಂಜೆ ಒಂದು ಸಲ ಬಾಲ ಅಲುಗಿತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಬೇಲಿಯ ಹತ್ತಿರ ಹೋಗಿ ಬಸಮ್ಮನನ್ನು ಕೂಗಿ ಹೇಳಿದಳು. ಕಡಸೂ ಹುಲ್ಲಿಗೆ ಬಾಯಿ ಹಾಕಿತು ಎಂದು ಬಸಮ್ಮ ಆಕಡೆಯಿಂದ ಕೂಗಿದಳು.

ಬೆಳಗಿನ ಜಾವ ಟಪಾಲು ಸತ್ತುಹೋಯಿತು. ಹಿತ್ತಲಲ್ಲಿ ತೆಂಗಿನ ಸಸಿಗೆಂದು ತೆಗೆದಿದ್ದ ಗುಂಡಿಯನ್ನೇ ದೇವೀರಪ್ಪ ಇನ್ನಷ್ಟು ಆಳ ಮಾಡಿದ. ಬಸಮ್ಮ ಚೊಂಬಿನಲ್ಲಿ ಹಾಲು ಹಿಡಿದು ಬಂದವಳು, ಕೊಡುವುದೋ ಬಿಡುವುದೋ ತಿಳಿಯದೆ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದು ವಾಪಸ್ಸು ಹೋದಳು. ಅವಳ ಕಡಸು ಉಳಿದದ್ದಕ್ಕೆ ತನಗೆ ಖುಷಿಯೋ, ಹೊಟ್ಟೆಯುರಿಯೋ, ವಿಶಾಲಮ್ಮನಿಗೆ ಗೊತ್ತಾಗಲಿಲ್ಲ. ಎರಡೂ ಇತ್ತು ಎಂದರೆ ಯಾರೂ ಅವಳನ್ನು ತಪ್ಪು ತಿಳಿಯಬಾರದು.

ಕೆಲವು ದಿನ ಕಳೆದ ಮೇಲೆ, ಬಿಸಿಲೇರುವ ಹೊತ್ತಿನಲ್ಲಿ ಧರ್ಮೇಶ್ ಅವರ ಬೈಕು ಗುಡಿಯ ಎದುರು ಬಂದು ಗಾಡಿಯ ಪಕ್ಕದಲ್ಲೇ ನಿಂತಿತು. ದೇವೀರಪ್ಪ ಆಗ ತಾನೇ ಸೈಕಲ್ಲಿನಿಂದ ಗೊನೆ ಇಳಿಸುತ್ತಿದ್ದ.

“ಕಡಸು ನೋಡೋಕೆ ಹುಲಿಕೆರೆಗೆ ಹೊರಟಿದ್ದೆ. ಇದನ್ನ ನಿಮಗೆ ಕೊಟ್ಟು ಹೋಗೋಣ ಅಂತ” ಎಂದು ಬ್ಯಾಗಿನಿಂದ ಕೆಂಪು ಔಷಧಿಯ ಒಂದು ಶೀಷೆ ತೆಗೆದರು. “ರಕ್ತ ಆಗೋ ಟಾನಿಕ್ಕು. ಕಂಪನಿಯವರು ಸ್ಯಾಂಪಲ್ ಕೊಟ್ಟಿದ್ರು. ಹೇಗಿದಾನೆ ನಮ್ಮ ಪೇಷಂಟು? ಎದ್ದು ನೀರು ಕುಡಿದನಾ?”

ಅವರ ಮುಖದಲ್ಲಿ ಅಷ್ಟು ಆಸೆಯಿತ್ತು. ವಿಶಾಲಮ್ಮ ಮಚ್ಚನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಶೀಷೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಕುಡೀತು ಸಾರ್. ಅವತ್ತೇ ಎದ್ದು ಕುಡೀತು. ಈಗ ಮನೆತಾವ ಆಟಾಡ್ಕೊಂಡೈತೆ.”

“ನಿಜವಾಗ್ಲೂ?” ಡಾಕ್ಟರು ಚಿಕ್ಕ ಹುಡುಗನ ಹಾಗೆ ನಕ್ಕರು. “ನಾನು ಆಸೆ ಬಿಟ್ಟಿದ್ದೆ ಕಣಮ್ಮ, ನಿಮಗೆ ಹೇಳಿರ್ಲಿಲ್ಲ ಅಷ್ಟೇ. ದಿನಕ್ಕೆರಡು ಸಲ ಒಂದೊಂದು ಚಮಚ ಕೊಡಿ.” ಅವಳು ಕೊಚ್ಚಿಕೊಟ್ಟ ಎಳನೀರು ಕುಡಿದು, ಬೇಡವೆಂದರೂ ದುಡ್ಡಿಟ್ಟು, ಹುಲಿಕೆರೆಯ ದಾರಿ ಹಿಡಿದರು.

ದೇವೀರಪ್ಪ ಗೊನೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಅವನಾಗಿ ಮಾತು ತೆಗೆದದ್ದು ಕಡಿಮೆ. “ಯಾಕೆ ಹಂಗಂದೆ?” ಎಂದ.

“ಗೊತ್ತಿಲ್ಲ ಕಣ್ರೀ.”

“ಈಗ ಅಲ್ಲೋದ್ರೆ ಬಸಮ್ಮಕ್ಕ ಹೇಳ್ಬುಡ್ತಾಳೆ.”

“ಹೇಳ್ಲಿ” ಎಂದಳು ವಿಶಾಲಮ್ಮ, ಬೈಕು ಹೋದ ದಾರಿಯನ್ನೇ ನೋಡುತ್ತ. “ಅಲ್ಲೀಗಂಟ ಒಬ್ರಾದ್ರೂ ಅದು ಬದುಕೈತೆ ಅಂದ್ಕೊಂಡಿರ್ಲಿ.”